ಖಾಲಿ ಪೆಟ್ಟಿಗೆಗೆ ದೊಡ್ಡ ಬೀಗ

ಬೀಗದಣ್ಣನ ಮೈ ಆ ಬೆಳಿಗ್ಗೆ ಉರಿದುಹೋಗಲು ಕಾರಣ ಒಂದು ಮೊಣಕಾಲು ಪಟ್ಟಿ. ಹಿಂದಿನ ಸಂಜೆ ಅಡುಗೆಮನೆಯಲ್ಲಿ ನಿಂತು, ಹೆಂಡತಿಯೊಬ್ಬಳಿಗೇ, ಅದೂ ಪಿಸುದನಿಯಲ್ಲಿ, "ಮೊಣಕಾಲು ಯಾಕೋ ಹಿಡ್ಕೊಂಡಿದೆ ಕಣೇ" ಎಂದಿದ್ದ. ಬೆಳಗಾಗಿ ಫೋನು ತೆರೆದರೆ ಪಟ್ಟಿಗಳ ಮೆರವಣಿಗೆ! ಕಪ್ಪು ಪಟ್ಟಿ, ನೀಲಿ ಪಟ್ಟಿ, ಬಿಸಿಯಾಗುವ ಪಟ್ಟಿ, ಎರಡು ಕೊಂಡರೆ ಒಂದು ಉಚಿತ. (ಆ ಮೂರನೇ ಮೊಣಕಾಲು ಯಾರದೋ, ದೇವರೇ ಬಲ್ಲ.)

"ನೋಡಿದ್ಯೇನೇ! ಇದು ಕದ್ದು ಕೇಳ್ತಾ ಇದೆ! ಗಂಡ ಹೆಂಡತಿ ಮಾತಾಡೋದನ್ನ ಕೇಳ್ತಾ ಇದೆ!"

"ನಿಮ್ಮ ಮಾತು ಕೇಳೋಕೆ ಅದಕ್ಕಾದ್ರೂ ಪುರುಸೊತ್ತಿದೆಯಲ್ಲ, ಸಂತೋಷಪಡಿ" ಎಂದಳು ಹೆಂಡತಿ, ಕೂದಲು ಬಾಚುತ್ತಾ.

ಬೀದಿಯ ತುದಿಯಲ್ಲಿ ಅವನದು ಬೀಗದಂಗಡಿ. ಬೀಗ ಮಾರುವುದು, ಕೀಲಿ ಕಳೆದುಕೊಂಡವರ ಬಾಗಿಲು ತೆರೆದುಕೊಡುವುದು ಅವನ ಕೆಲಸ. ಅವನ ಕೈಗೆ ಬಗ್ಗದ ಬೀಗವಿಲ್ಲ ಎಂದು ಸುತ್ತಲೂ ಹೆಸರು. ಅಂಥವನ ಮನೆಯೊಳಗೇ ಒಂದು ಯಂತ್ರ ಬೀಗ ಮುರಿಯದೆ ನುಗ್ಗಿದೆ ಎಂದರೆ ಮಾನ ಉಳಿಯುವುದುಂಟೆ? ಯಾವುದೋ ದೊಡ್ಡ ಕಂಪನಿ ಜನರ ಗುಟ್ಟನ್ನೆಲ್ಲ ಮಾರಿಕೊಂಡಿತು ಅಂತ ಪತ್ರಿಕೆಯಲ್ಲಿ ಬಂದಿತ್ತು. ಟಿವಿಯಲ್ಲಿ ನಾಲ್ಕು ಜನ ಒಂದೇ ಸಲ ಕಿರುಚುತ್ತಾ ಅದನ್ನು ಚರ್ಚಿಸಿದ್ದರು. ಅಂದಿನಿಂದ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಬೀಗದ ಜೊತೆಗೆ "ಖಾಸಗಿತನವೇ ಮನುಷ್ಯನ ಪರಮಧನ" ಎಂಬ ಭಾಷಣ ಉಚಿತ.

ಆದರೆ ಈ ಪರಮಧನ ಅವನ ಮನೆಯ ಹೊಸಿಲು ದಾಟಿ ಒಳಗೆ ಬಂದಿರಲಿಲ್ಲ. ಹೆಂಡತಿಯ ಫೋನು ರಿಂಗಾದರೆ "ಯಾರದು? ಏನಂತೆ? ಯಾಕೆ ನಕ್ಕೆ?" ಬಚ್ಚಲಿನಲ್ಲಿ ಸ್ವಲ್ಪ ಹೊತ್ತಾದರೆ "ಏನ್ ಮಾಡ್ತಿದ್ದೀಯ ಒಳಗೆ?" ಆಕೆ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ದಿನವಿಡೀ ಬಾಯಿ ತೆರೆದೂ ಮಾತಾಡಲಾರದವರ ನಡುವೆ ಇದ್ದು, ಸಂಜೆ ಬಾಯಿ ಮುಚ್ಚಲಾರದವನ ಬಳಿಗೆ ಬರುತ್ತಿದ್ದಳು. ಪಾಪ, ಅವಳಿಗೆ ಬೇಕಾಗಿದ್ದುದು ಇಷ್ಟೇ: ಯಾರೂ ಏನೂ ಕೇಳದ ನಾಲ್ಕು ದಿನ. "ನಂಗೆ ಸ್ವಲ್ಪ ಒಬ್ಬಳೇ ಇರ್ಬೇಕು ಅನ್ಸುತ್ತೆ ರೀ" ಎಂದು ಎಷ್ಟೋ ಸಲ ಹೇಳಿದ್ದಳು. "ಅದಕ್ಕೇನಂತೆ, ನಾನೂ ಬರ್ತೀನಿ" ಎನ್ನುತ್ತಿದ್ದ ಈ ಮಹಾನುಭಾವ.

ಅಂದು ಸಂಜೆ ಬೀಗದಣ್ಣ ಮನೆಮಂದಿಯನ್ನೆಲ್ಲ ಮೇಜಿನ ಸುತ್ತ ಕೂರಿಸಿದ. ಮನೆಮಂದಿ ಎಂದರೆ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮತ್ತು ಅವನ ತಾಯಿ.

"ಅಪ್ಪಾ, ಸೆಟ್ಟಿಂಗ್ಸ್‌ಗೆ ಹೋಗಿ ಮೈಕು ಆಫ್ ಮಾಡಿದ್ರೆ ಮುಗೀತಲ್ಲ" ಎಂದಳು ಮಗಳು.

"ಕಳ್ಳನೇ ಕೊಟ್ಟ ಬೀಗವನ್ನ ನಂಬೋದಾ? ನಮ್ಮ ಕಸುಬಿನಲ್ಲಿ ಒಂದು ಉಪಾಯ ಇದೆ. ಖಾಲಿ ಪೆಟ್ಟಿಗೆಗೆ ದೊಡ್ಡ ಬೀಗ ಜಡಿ, ಕಳ್ಳ ಅದನ್ನೇ ಹೊತ್ಕೊಂಡು ಹೋಗ್ತಾನೆ. ನಾವು ಈ ಯಂತ್ರಕ್ಕೆ ಸುಳ್ಳು ತಿನ್ನಿಸ್ಬೇಕು! ಯಾವತ್ತೂ ಮಾಡದೇ ಇರೋ ಕೆಲಸವನ್ನೇ ಎಲ್ಲರೂ ಫೋನಿನಲ್ಲಿ ಹುಡುಕಿ. ಅದಕ್ಕೆ ತಲೆ ಕೆಟ್ಟು ಹೋಗ್ಬೇಕು."

ಹೀಗೆ ಅಸತ್ಯ ಮಹಾಯಜ್ಞ ಶುರುವಾಯಿತು. ಹಲ್ಲೆಲ್ಲ ಉದುರಿದ ಅಜ್ಜಿ ಮೊಮ್ಮಗಳ ಕೈಯಲ್ಲಿ "ತೋಳಿನ ಮಾಂಸಖಂಡ ಉಬ್ಬಿಸುವುದು ಹೇಗೆ" ಎಂದು ಬರೆಸಿದಳು. ಮಗಳು ಕುದುರೆಯ ಜೀನಿಗೆ ಬೆಲೆ ಕೇಳಿದಳು. ಬೀಗದಣ್ಣ ಮೀಸೆ ತಿರುವಿ, "ನೆಲ ಒರೆಸುವುದು ಹೇಗೆ, ಅಡುಗೆ ಕಲಿಯುವುದು ಹೇಗೆ, ಹೆಂಡತಿಯ ಮಾತು ಕೇಳುವುದು ಹೇಗೆ" ಎಂದು ಒಂದಾದ ಮೇಲೊಂದು ಒತ್ತಿದ. ಇದಕ್ಕಿಂತ ದೊಡ್ಡ ಸುಳ್ಳು ಭೂಮಂಡಲದಲ್ಲೇ ಇಲ್ಲ ಎಂದು ಅವನಿಗೆ ಖಾತ್ರಿಯಿತ್ತು.

"ನೀನೇನು ಬರೆದ್ಯೇ?"

ಹೆಂಡತಿ ತಣ್ಣಗೆ ಓದಿದಳು: "ಒಬ್ಬಳೇ ಹೋಗುವ ಹೆಂಗಸಿಗೆ ಸಮುದ್ರದ ಪಕ್ಕ ಒಂದು ಕೋಣೆ."

"ಭಲೇ! ನನ್ನನ್ನೂ ಮೀರಿಸಿಬಿಟ್ಟೆ!" ಎಂದು ಬೀಗದಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೆಂಡತಿಯೂ ನಕ್ಕಳು, ಆದರೆ ಸ್ವಲ್ಪ ತಡವಾಗಿ.

ಮಾರನೆಯ ದಿನದಿಂದ ಯಂತ್ರ ಉಂಡ ಸುಳ್ಳನ್ನೆಲ್ಲ ಬಡ್ಡಿ ಸಮೇತ ಕಕ್ಕತೊಡಗಿತು. ವ್ಯಾಯಾಮಶಾಲೆಯ ತರುಣನೊಬ್ಬ ಅಜ್ಜಿಗೆ ಫೋನು ಮಾಡಿ, "ಎಷ್ಟು ಕೆಜಿ ಎತ್ತುತ್ತೀರಿ?" ಎಂದ. "ಈ ಮನೆಯನ್ನೇ ಎತ್ತಿದೀನಪ್ಪಾ, ಇಷ್ಟು ವರ್ಷ" ಎಂದು ಅಜ್ಜಿ ಅರ್ಧ ಗಂಟೆ ಮಾತಾಡಿ, ಮರುದಿನದಿಂದ ಎರಡು ನೀರಿನ ಬಾಟಲಿ ಹಿಡಿದು ಕೈ ಎತ್ತಿ ಇಳಿಸತೊಡಗಿದಳು. ಅಂಗಡಿಯಲ್ಲಿ ಬೀಗದಣ್ಣ ಗಿರಾಕಿಯೊಬ್ಬರಿಗೆ ಕಬ್ಬಿಣದ ಬೀಗದ ಗಟ್ಟಿತನ ವರ್ಣಿಸುತ್ತಿದ್ದಾಗ, ಗಲ್ಲಾದ ಮೇಲಿದ್ದ ಫೋನು ತಾನಾಗಿ ಗಂಟಲು ಬಿಚ್ಚಿತು: "ನೆಲ ಒರೆಸಲು, ಹೆಂಡತಿಯ ಮಾತು ಕೇಳಲು ಕಷ್ಟವಾಗುತ್ತಿದೆಯೇ? ನಾಚಿಕೆ ಬೇಡ! ನಿಮ್ಮಂಥ ಸಾವಿರಾರು ಜನ ನಮ್ಮ ತರಬೇತಿಗೆ ಬರುತ್ತಾರೆ!" ಗಿರಾಕಿ ಬೀಗ ಬಿಟ್ಟು, ಆ ತರಬೇತಿಯ ವಿಳಾಸ ಕೇಳಿಕೊಂಡು ಹೋದರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಪಕ್ಕದ ಕ್ಷೌರದಂಗಡಿಯವನಂತೂ "ಏನಣ್ಣಾ, ನೆಲ ಒರೆಸಿ ಆಯ್ತಾ?" ಎನ್ನದೆ ಇವನ ಮುಖ ನೋಡುವುದನ್ನೇ ಬಿಟ್ಟ.

ಇಷ್ಟೆಲ್ಲ ಆಗುತ್ತಿದ್ದರೂ ಹೆಂಡತಿ ಮಾತ್ರ ಏನೂ ಗೊಣಗಲಿಲ್ಲ. ಫೋನು ನೋಡುವುದು, ಮುಗುಳ್ನಗುವುದು, ಬೋರಲು ಹಾಕಿಡುವುದು. ಬೀಗದಣ್ಣನಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಅವಳು ಸ್ನಾನಕ್ಕೆ ಹೋದಾಗ, ಖಾಸಗಿತನದ ಮಹಾಸೇನಾನಿ ಬೆಕ್ಕಿನ ಹೆಜ್ಜೆ ಇಟ್ಟು ಅವಳ ಫೋನು ಎತ್ತಿಕೊಂಡ. ಪಾಸ್‌ವರ್ಡು ಕೇಳಿತು. ಮದುವೆಯ ತಾರೀಖು ಹಾಕಿದ, ತೆರೆಯಲಿಲ್ಲ. ಮಗಳು ಹುಟ್ಟಿದ ದಿನ ಹಾಕಿದ, ಊಹೂಂ. ಕೊನೆಗೆ ಅಪಾರ ಆತ್ಮವಿಶ್ವಾಸದಿಂದ ತನ್ನದೇ ಹುಟ್ಟಿದ ದಿನ ಹಾಕಿದ. ಫೋನು "ಕ್ಲಿಕ್" ಎಂದಿತು. ತೆರೆಯಿತು ಅಂದುಕೊಂಡ. ಅದು ತೆರೆದದ್ದಲ್ಲ, ಫೋಟೋ ಹೊಡೆದದ್ದು. ಮೂರು ಸಲ ತಪ್ಪಿದರೆ ಕಳ್ಳನ ಫೋಟೋ ತೆಗೆದು ಮನೆಯವರ ಗುಂಪಿಗೆ ಕಳಿಸುವ ಆ ಏರ್ಪಾಡನ್ನು ಎಲ್ಲರ ಫೋನಿಗೂ ಮಗಳ ಕೈಲಿ ಹಾಕಿಸಿದ್ದವನು ಅವನೇ.

ಆ ಗುಂಪಿನಲ್ಲಿ ಅತ್ತಿಗೆ, ನಾದಿನಿ, ಷಡ್ಡಕ ಎಲ್ಲರೂ ಇದ್ದರು. ಫೋಟೋದಲ್ಲಿ ಮೂಗಿನ ಎರಡು ಹೊಳ್ಳೆ, ಅರ್ಧ ಮೀಸೆ, ಏಕಾಗ್ರತೆಯಿಂದ ಹೊರಚಾಚಿದ ನಾಲಿಗೆ. ಕೆಳಗೆ ಷಡ್ಡಕನ ಉದ್ಗಾರ: "ಕಳ್ಳ ಸಿಕ್ಕಿದ!"

ಹೆಂಡತಿ ತಲೆ ಒರೆಸಿಕೊಳ್ಳುತ್ತಾ ಬಂದು ಫೋಟೋ ನೋಡಿದಳು. ಸಿಟ್ಟಾಗಲಿಲ್ಲ. ಮಂಚದ ಕೆಳಗಿನಿಂದ ಚೀಲ ಎಳೆದಳು, ಆಗಲೇ ತುಂಬಿತ್ತು.

"ನಾಳೆ ಬೆಳಿಗ್ಗೆ ನನಗೆ ರೈಲು. ನಾಲ್ಕು ದಿನ."

"ಅದು... ಅದು ಸುಳ್ಳಲ್ವೇನೇ!"

"ಯಾವತ್ತೂ ಮಾಡದೇ ಇರೋದನ್ನ ಬರೀರಿ ಅಂದ್ರಿ. ಯಾವತ್ತೂ ಮಾಡಿರಲಿಲ್ಲ, ಬರೆದೆ. ಮಾರನೇ ದಿನ ಅದು 'ಯಾವಾಗ ಹೊರಡುತ್ತೀರಿ?' ಅಂತ ಕೇಳ್ತು ರೀ. ಇಷ್ಟು ವರ್ಷದಲ್ಲಿ ಈ ಮನೇಲಿ ಯಾರಾದ್ರೂ ನನ್ನನ್ನ ಹಾಗೆ ಕೇಳಿದ್ದುಂಟಾ?"

ಬೀಗದಣ್ಣನಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಹುಟ್ಟುಗುಣ ಸುಮ್ಮನಿರಲಿಲ್ಲ. "ಯಾವ ಸಮುದ್ರ? ಯಾವ ಊರು?"

"ಅದು ಖಾಸಗಿ."

"ಸರಿಯಾಗಿ ಹೇಳಿದೆ ಕಣಮ್ಮಾ" ಎಂದಳು ಅಜ್ಜಿ, ಬಾಟಲಿ ಎತ್ತುತ್ತಾ.

ಹೆಂಡತಿ ಹೊರಟ ದಿನ ಸಂಜೆ ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಬೀಗದಣ್ಣ ಒಲೆಯ ಮೇಲೆ ಆಲೂಗಡ್ಡೆ ಬೇಯಲಿಟ್ಟು, ಫೋನನ್ನು ಬಾಯಿಯ ಹತ್ತಿರ ಹಿಡಿದು ಅಂಗಲಾಚಿದ: "ಅಪ್ಪಾ ಸರ್ವಜ್ಞಾ, ಮೊಣಕಾಲಿನ ವಿಷಯ ಗೊತ್ತಿತ್ತಲ್ಲ ನಿನಗೆ. ನನ್ನ ಹೆಂಡತಿ ಎಲ್ಲಿದ್ದಾಳೆ ಹೇಳು."

ಫೋನು ವಿನಯದಿಂದ ಉತ್ತರಿಸಿತು: "ಕ್ಷಮಿಸಿ. ಇತರರ ಖಾಸಗಿ ಮಾಹಿತಿಯನ್ನು ನಾವು ಯಾರಿಗೂ ಕೊಡುವುದಿಲ್ಲ."

ಅವನು ಬಾಯಿ ತೆರೆದು ನಿಂತಿರುವಾಗಲೇ ಹೆಂಡತಿಯಿಂದ ಒಂದು ಸಂದೇಶ ಬಂತು. "ಉಪ್ಪು ಮೇಲಿನ ಗೂಡಿನಲ್ಲಿ, ಎಡಗಡೆ. ಫೋನು ಕೆಳಗಿಟ್ಟು ಒಲೆ ನೋಡಿ, ತಳ ಹಿಡೀತಿದೆ."

ಬೀಗದಣ್ಣ ಬೆಚ್ಚಿಬಿದ್ದ. ಚಾವಣಿ ನೋಡಿದ, ಕಿಟಕಿ ನೋಡಿದ, ಡಬ್ಬಿಗಳ ಹಿಂದೆ ಕೈಯಾಡಿಸಿದ. "ಅಮ್ಮಾ! ಎಲ್ಲೋ ಕ್ಯಾಮೆರಾ ಇಟ್ಟಿದ್ದಾಳೆ! ನಾನು ಏನ್ ಮಾಡ್ತಿದೀನಿ ಅಂತ ಅವಳಿಗೆ ಹೇಗೆ ಗೊತ್ತಾಯ್ತು?"

"ಕ್ಯಾಮೆರಾ ಯಾಕೋ ಬೇಕು?" ಎಂದಳು ಅಜ್ಜಿ ಒಳಕೋಣೆಯಿಂದ. "ನಿನ್ನ ಜೊತೆ ಸಂಸಾರ ಮಾಡಿದವಳಲ್ವೇನೋ ಅವಳು. ಮೊದಲು ಒಲೆ ಆರಿಸು, ಸೀದ ವಾಸನೆ ಬರ್ತಿದೆ."