ರೇಸಿನ ಹಾದ್ಯಾಗ ಮಾವನ ಮನಿ

ಸೈಕಲ್ ಹತ್ತಿದವನನ್ನ ಸುಮ್ಮನ ಹೋಗಾಕ ಬಿಡೂ ಮಂದಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಖರೇ ಹೇಳತೇನಿ, ಎಂಬತ್ತರ ದಶಕದಾಗ ನಾ ಸೈಕಲ್ ತುಳದಷ್ಟು ದಿನಾನೂ ಒಂದಿಲ್ಲೊಂದು ಫಜೀತಿ ಆಗೇ ಆಗೂದು.

ನಾ ಆಗ ಹಾವೇರ್ಯಾಗ ಟೇಲರ್. ಹೆಣ್ಣು ನೋಡಾಕ ಮೋಟೆಬೆನ್ನೂರಿಗೆ ಹೋದಾಗ, ಮುಂದ ನನಗ ಮಾವ ಆದವರು ನನ್ನ ಕಸಬು ಕೇಳಿ ಮಂದಿ ಮುಂದ ಅಂದ್ರು: "ಹೊಲಿಗಿ ಮಶಿನ್ನೇನು? ಮುಂಜಾನಿಂದ ಸಂಜಿತನಕ ತುಳಿಯೂದು, ಒಂದ ಗೇಣೂ ಮುಂದ ಹೋಗೂದಿಲ್ಲ!" ಎಲ್ಲಾರೂ ನಕ್ಕರು. ಹೆಣ್ಣೂ ನಕ್ಕಳು. ಲಗ್ನ ಏನೋ ಆತು, ಆದ್ರ ಆ ಮಾತು ಎದಿಯೊಳಗ ಮುರದ ಸೂಜಿಯಂಗ ಉಳೀತು.

ನಮ್ಮೂರ ಯುವಕ ಸಂಘದವರು ವರ್ಷಾ ರಾಜ್ಯೋತ್ಸವಕ್ಕ ಸೈಕಲ್ ರೇಸ್ ಇಡತಿದ್ರು. ಹಾವೇರಿಯಿಂದ ರಾಣೇಬೆನ್ನೂರಿಗೆ ಹೋಗಿ ತಿರಿಗಿ ಬರೂದು. ಹಾದಿ ಮಾವನ ಮನಿ ಮುಂದ. ಎಲ್ಲಾರಕಿಂತ ಮೊದಲು ನಾ ಮುಟ್ಟಬೇಕು, ಅದನ್ನ ಮಾವ ಕಣ್ಣಾರೆ ನೋಡಬೇಕು. ಅಷ್ಟ ನನ್ನ ಹಟ. ಅವರಿಗೆ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಪುಗಸಟ್ಟೆ ಸರ್ವೀಸ್

ರವಿವಾರಕ್ಕೊಮ್ಮೆ ರಾಣೇಬೆನ್ನೂರಿಗೆ ಹೋಗಿ ಬರೂದು ನನ್ನ ಪ್ರ್ಯಾಕ್ಟೀಸು. ಮೊದಲನೇ ವಾರ ಬಸ್ ಸ್ಟ್ಯಾಂಡ್ ಹತ್ರ ಚಾದಂಗಡಿ ಕಾಕಾ ತಡದ.

"ಯಾವ ಕಡೆ?"

"ರಾಣೇಬೆನ್ನೂರಿಗೆ ಕಾಕಾ."

"ಏನ್ ಕೆಲಸಾ?"

"ಏನೂ ಇಲ್ಲ. ಹೋಗಿ ತಿರಿಗಿ ಬರೂದು."

ಅಂವ ದನಿ ಇಳಿಸಿ ಕೇಳಿದ, "ಮನ್ಯಾಗ ಜಗಳೇನು?"

ಮರುವಾರ, "ಹೆಂಗೂ ಸುಮ್ಮನ ಹೊಂಟೀದಿ, ಇದನ್ನ ನಮ್ಮ ತಂಗಿ ಮನಿಗೆ ಮುಟ್ಟಿಸು" ಅಂತ ಹ್ಯಾಂಡಲ್ಲಿಗೆ ಒಂದು ಗಂಟು ಸಿಗಿಸಿದ. ಸುದ್ದಿ ಓಣಿ ತುಂಬ ಆತು. ಉಪ್ಪಿನಕಾಯಿ ಭರಣಿ, ಲಗ್ನಪತ್ರ, ಒಮ್ಮೆ ಜೀವಂತ ಹುಂಜ! ಆ ಹುಂಜ ಹಾದಿಯುದ್ದಕ್ಕೂ ಕೂಗಿದ್ದಕ್ಕ ಲಾರಿಯವರು ಗಾಬರ್ಯಾಗಿ ಸೈಡ್ ಕೊಟ್ರು.

ಒಂದು ರವಿವಾರ ನನಗ ಜ್ವರ ಬಂದು ಮಲಗಿದ್ದೆ. ಬಾಗಲದಾಗ ನಾಕು ಮಂದಿ ಚೀಲಾ ಹಿಡಕೊಂಡು ನಿಂತಿದ್ರು. "ಇವತ್ತ ಅವರು ಹೋಗೂದಿಲ್ರಿ, ಜ್ವರ ಬಂದಾವ" ಅಂದ್ಲು ನನ್ನ ಹೆಂಡ್ತಿ. ಒಬ್ಬಾಕಿ ಮುದುಕಿ ಕೇಳಿದ್ಲು:

"ಹಂಗಾರ ಮುಂದಿನ ಗಾಡಿ ಎಷ್ಟಕ್ಕೈತಿ ಯವ್ವಾ?"

ಬ್ಯಾಡಗಿಯ ಅಳು

ಒಮ್ಮೆ ಬ್ಯಾರೆ ಹಾದಿ ನೋಡೂಣು ಅಂತ ಬ್ಯಾಡಗಿಗೆ ಹೊಳ್ಳಿಸಿದೆ. ಮೆಣಸಿನಕಾಯಿ ಪ್ಯಾಟಿ ಹತ್ರ ಬರೂದ್ರಾಗ ಘಾಟು ಹೊಡದು ಕಣ್ಣು ಮೂಗು ಒಂದಾದ್ವು. ಸೈಕಲ್ ನಿಂದ್ರಿಸಿ ಗ್ವಾಡಿಗೆ ಆತಕೊಂಡೆ. ಅಲ್ಲೇ ಮೆಣಸಿನಕಾಯಿ ತೊಟ್ಟು ಮುರೀತಿದ್ದ ಹೆಣ್ಮಕ್ಕಳಿಗೆ ಆ ಘಾಟು ದಿನದ ಗಾಳಿ, ಅದರ ನೆನಪೂ ಇರಂಗಿಲ್ಲ. ಒಬ್ಬಾಕಿ ಆಯಿ ನನ್ನ ಕಣ್ಣೀರು ನೋಡಿ ಎದ್ದು ಬಂದ್ಲು.

"ಯಾರು ತೀರಿಕೊಂಡ್ರೋ ನನ್ನಪ್ಪಾ?"

ಯಾರೂ ಇಲ್ಲ ಅನ್ನೂಣಂದ್ರ ಸೀನು ಬಿಡವಲ್ದು. "ಹಾ... ಹಾ..." ಅಂದೆ.

"ಹಾನಗಲ್ಲಾಗೇನು?"

"ಹಾ... ಹಾ..."

"ಅಯ್ಯ, ಹಾನಗಲ್ಲತನಕ ಇಂವ ಸೈಕಲ್ ಮ್ಯಾಲ ಹೊಂಟಾನ, ನೋಡ್ರೇ!" ಅಂತ ಆಯಿ ಸೆರಗು ಬಾಯಿಗೆ ಹಚ್ಚಿ ಅಳಾಕ ಸುರು ಮಾಡಿದ್ಲು. ಉಳಿದವರೂ ಕೂಡಿದ್ರು. ನನಗ ಸೀನು ಬಂದು ಹೋಗೂದ್ರಾಗ ಆಯಿ ನನ್ನ ಕೈಯಾಗ ಎರಡು ರೊಟ್ಟಿ ಇಟ್ಟು ಹೇಳಿದ್ಲು:

"ಮಣ್ಣು ಕೊಡೂದು ತಡ ಆದೀತು, ಲಗೂ ತುಳಿ!"

ಮೊದಲು ಮುಟ್ಟಿದ್ದು

ಆ ವರ್ಷ ರಾಜ್ಯೋತ್ಸವ, ದೀಪಾವಳಿ ಕೂಡೇ ಬಂದ್ವು. ಲಗ್ನ ಆದ ಮ್ಯಾಲ ನಂದು ಮೊದಲ ದೀಪಾವಳಿ. ರೇಸ್ ಮುಗಿಸಿ, ಸಂಜಿಗೆ ಹೆಂಡ್ತಿನ ಕರಕೊಂಡು ಮಾವನ ಮನಿಗೆ ಹಬ್ಬಕ್ಕ ಹೋಗೂದು ಅಂತ ಮನ್ಯಾಗ ಮಾತಾಗಿತ್ತು. ಮಾವಗ ಸಂಜಿಗೆ ಬರತೇವಿ ಅಂತಷ್ಟ ಹೇಳಿದ್ದೆ.

ನಸುಕಿನ್ಯಾಗ ಬಿಟ್ಟೆವು. ರಾಣೇಬೆನ್ನೂರು ಮುಟ್ಟಿ ಹೊಳ್ಳೂದ್ರಾಗ ನಾನ ಮುಂದ. ಹಿಂದ ನೋಡಿದ್ರ ಒಬ್ಬರೂ ಕಾಣವಲ್ರು. ಆಹಾ, ಆ ಸುಖಾ ಏನ್ ಹೇಳಲಿ! ಮೋಟೆಬೆನ್ನೂರು ಬಂತು. ಮಾವ ಮನಿ ಮುಂದೇ ನಿಂತಿದ್ರು. ಇವತ್ತ ನೋಡ್ಲಿ ಅಂತ ಇನ್ನೂ ಜೋರು ತುಳದೆ. ಅವರು ನೋಡಿದ್ರು. ನೋಡಿ, ಎರಡೂ ಕೈ ಅಗಲ ಮಾಡಿ ನಡು ಹಾದ್ಯಾಗ ಬಂದು ನಿಂತ್ರು.

"ಬರ್ರಿ ಬರ್ರಿ ಅಳಿಯಂದ್ರ! ಸಂಜಿಗೆ ಅಂದಿದ್ರಿ, ಮುಂಜಾನೇ ಬಂದ್ರಿ!"

"ಮಾವಾ, ರೇಸ್ ಐತ್ರಿ!"

"ಇರಲಿ ತಗೋರಿ, ಅದನ್ನೂ ಒಳಗ ತರ್ರಿ."

ಹಬ್ಬದ ದಿನ ಬಾಗಲಕ್ಕ ಬಂದ ಹೊಸ ಅಳಿಯ ಹಂಗ ಹೋಗೂದುಂಟೇನು? ಅತ್ತಿ ಕಾಲಿಗೆ ನೀರು ಕೊಟ್ರು, ಆರತಿ ಎತ್ತಿದ್ರು. ಪಡಸಾಲ್ಯಾಗ ಕುಂದ್ರಿಸಿ ಹೋಳಿಗಿ ಬಡಿಸಿದ್ರು. ಒಂದ ತಿಂದು ಓಡೂಣು ಅಂದ್ರ ಎರಡನೇದು ಬಿತ್ತು. ಅಷ್ಟರಾಗ ಹೊರಗ ಒಂದು ಸೈಕಲ್ ಭರ್ರ್ ಅಂತು. ಮತ್ತೊಂದು. ಆಮ್ಯಾಲ ಐದಾರು ಕೂಡೇ. ಮಾವ ಇಣಿಕಿ ನೋಡಿ ಮರುಗಿದ್ರು:

"ಪಾಪ, ಇವರ ಮಾವಂದ್ರ ಮನಿ ಇನ್ನೂ ಮುಂದೈತಿ ಕಾಣಸ್ತೈತಿ."

ಕಡೀಕ ಚೈನ್ ಹರದಾವ ಒಬ್ಬ ಸೈಕಲ್ ನೂಕಿಕೊಂಡು ಹೋದ. ನನಗ ಅಳುವ ಬಂತು. ಮಾವ ತುಪ್ಪದ ಗಿಂಡಿ ತಂದು ನನ್ನ ಬಾಜೂಕ ಕುಂತ್ರು. ಬೆನ್ನ ಮ್ಯಾಲ ಕೈ ಇಟ್ಟು, ಎದುರಮನಿಯವರಿಗೂ ಕೇಳೂವಂಗ ಅಂದ್ರು:

"ನೋಡ್ರಿ, ಊರ ಮಂದಿ ಎಲ್ಲಾ ಇನ್ನೂ ಹಾದ್ಯಾಗ ತುಳ್ಯಾಕತ್ತೈತಿ. ನಮ್ಮ ಅಳಿಯಂದ್ರು ಒಬ್ರ ಮೊದಲು ಮುಟ್ಟ್ಯಾರ!"