ಎಣ್ಣೆಗಾಯಿಗೆ ಬೆಳಕು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೆ. ಅಲ್ಲಿ ಕತ್ತಲೆ ಒಂದು ದಿನವೂ ನನ್ನನ್ನು ಕಾಡಲಿಲ್ಲ. ನಿವೃತ್ತಿಯಾದ ಮೇಲೆ, ಬಾಗಲಗುಂಟೆಯ ನಮ್ಮ ಅಡಿಗೆಮನೆಯಲ್ಲಿ ಮಾತ್ರ ದಿನಕ್ಕೊಂದು ಬೆಳಕಿನ ರಗಳೆ.

೧. ಇದ್ದಿಲು

ನನ್ನವಳು ಮೊಬೈಲಿನಲ್ಲಿ ಅಡಿಗೆ ವಿಡಿಯೊ ಮಾಡಿ ಹಾಕತೊಡಗಿದಳು. ಧಾರವಾಡದಲ್ಲಿರುವ ನನ್ನ ತಮ್ಮನ ಹೆಂಡತಿ ಆಗಲೇ ಹಾಕುತ್ತಿದ್ದಳು. ಅದೇ ಕಾರಣ.

ಮೊದಲ ವಿಡಿಯೊ ಎಣ್ಣೆಗಾಯಿ. ಹಳೆಯ ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು. ತಮ್ಮನ ಹೆಂಡತಿ ಫೋನ್ ಮಾಡಿದಳು: “ಅಕ್ಕಾರ, ಬದನೀಕಾಯಿ ಹೊತ್ತೇತೇನ್ರಿ?”

ಹೊತ್ತಿರಲಿಲ್ಲ. ನಾನೇ ತಿಂದಿದ್ದೆ.

ನನ್ನವಳು ಫೋನಿಟ್ಟು ನನ್ನತ್ತ ತಿರುಗಿದಳು. “ಮೂವತ್ತ ವರ್ಷ ಕಾರ್ಖಾನಿಗೆ ಬೆಳಕ ಹಚ್ಚೀರಿ, ನನ್ನ ಒಲಿಗೆ ಹಚ್ಚಾಕ ಆಗೂದಿಲ್ಲೇನು? ಆಕಿ ಒಮ್ಮೆರ ‘ಹೆಂಗ ಮಾಡಿದ್ರಿ’ ಅಂತ ನನ್ನ ಕೇಳಬೇಕು. ಅಲ್ಲೀತನಕ ಈ ಮನ್ಯಾಗ ಎಣ್ಣಿಗಾಯಿ ಇಲ್ಲ.”

ಅಂಗಡಿಯಿಂದ ವಿಡಿಯೊ ಲೈಟು ತರಬಹುದಿತ್ತು. ಎಲೆಕ್ಟ್ರಿಷಿಯನ್ನನಿಗೆ ಅದಕ್ಕಿಂತ ಉಪವಾಸ ಮೇಲು.

೨. ಮದುವೆಮನೆ

ಅಟ್ಟದಲ್ಲಿ ಹಳೆಯ ಫ್ಲಡ್‌ಲೈಟಿತ್ತು. ಅಂಗಳಕ್ಕೆ ಹಾಕುವಂಥದ್ದು. ಒಲೆಯ ಎದುರು ತೂಗುಹಾಕಿ ಸ್ವಿಚ್ ಒತ್ತಿದೆ. ನನ್ನವಳು ಕಣ್ಣು ಮುಚ್ಚಿಕೊಂಡೇ ರೊಟ್ಟಿ ಬಡಿದಳು. ವಿಡಿಯೊದಲ್ಲಿ ರೊಟ್ಟಿಯೂ ತಟ್ಟೆಯೂ ಒಂದೇ ಬಿಳುಪು. ಯಾವುದು ಯಾವುದೆಂದು ಹೇಳುವಂತಿಲ್ಲ.

ಎದುರು ಕಟ್ಟಡದ ಯಜಮಾನರು ಇದೇ ಊರಿನ ಹಳಬರು. ಎರಡೂ ಮನೆಗಳ ನಡುವೆ ನಾಲ್ಕೇ ಅಡಿ. ಕಿಟಕಿಯಲ್ಲಿ ಇಣುಕಿದರು. “ಏನ್ ಸಾ, ಮದುವೆನಾ? ನಮಗೆ ಏಳ್ಲೇ ಇಲ್ಲ!”

“ಅಲ್ಲ,” ಅಂದೆ. “ರೊಟ್ಟಿ.”

೩. ಅಂಚು

ಲೈಟಿನ ಮುಂದೆ ಬಿಳಿ ಬಟ್ಟೆ ಕಟ್ಟಿದರೆ ಬೆಳಕು ಮೆತ್ತಗಾಗುತ್ತದಂತೆ. ಬಿಸಿ ತಾಗದಷ್ಟು ದೂರದಲ್ಲಿ ನನ್ನ ಪಂಚೆ ಕಟ್ಟಿದೆ. ಬೆಳಕು ಹಾಲಿನಂತೆ ಇಳಿಯಿತು. ಹೆಮ್ಮೆಯಾಯಿತು.

ಫೋನ್ ಬಂತು. “ಅಕ್ಕಾರ, ಮೂಗಿನ ಕೆಳಗ ಅದೇನ್ರಿ, ಮೀಸಿ?”

ಪಂಚೆಯ ಅಂಚಿನ ನೆರಳು. ನನ್ನ ಮೀಸೆಗಿಂತ ದಪ್ಪವಾಗಿತ್ತು.

೪. ಗಿಳಿಹಸಿರು

ಸೋತು ಎಲ್ಲ ಲೈಟೂ ಆರಿಸಿ ಕಿಟಕಿ ತೆರೆದೆ. ನಡುಮಧ್ಯಾಹ್ನ ಅರ್ಧ ಗಂಟೆ, ಎದುರಿನ ಬಿಳಿ ಗೋಡೆಗೆ ಬಿದ್ದ ಬಿಸಿಲು ತಿರುಗಿ ನಮ್ಮ ಒಲೆಯ ಮೇಲೆ ಬರುತ್ತಿತ್ತು. ಹದವಾದ ಬೆಳಕು. ಮೂವತ್ತು ವರ್ಷದ ವಿದ್ಯೆ ಬೇಕಿರಲಿಲ್ಲ.

ಯಜಮಾನರು ಸಿಕ್ಕಾಗ “ನಿಮ್ಮ ಗೋಡೆಯಿಂದ ವಿಡಿಯೊಗೆ ಉಪಕಾರವಾಯಿತು” ಅಂದೆ. ಮಾತಾಡಬಾರದು ಅನ್ನುವುದು ಇದಕ್ಕೇ. ಅವರು ಹಿಗ್ಗಿಹೋದರು. “ಅಕ್ಕಾವ್ರು ವಿಡಿಯೋದಲ್ಲಿ ಬರೋವಾಗ ಮಾಸಿದ್ ಗ್ವಾಡೆ ಇದ್ರೆ ನಮಗೆ ಮರ್ಯಾದೆನಾ ಸಾ?” ಎಂದು ಮಾರನೆಯ ದಿನವೇ ಬಣ್ಣ ಬಳಿಸಿದರು. ಗಿಳಿಹಸಿರು.

ನನ್ನವಳು ಕನ್ನಡಕ ಹಾಕದೆ ರೊಟ್ಟಿ ಮಾಡಿ ವಿಡಿಯೊ ಹಾಕಿಬಿಟ್ಟಳು. ಆಮೇಲೆ ನೋಡಿದರೆ ಹಿಟ್ಟು ಹಸಿರು, ರೊಟ್ಟಿ ಹಸಿರು, ಅವಳ ಕೈಯೂ ಹಸಿರು.

ಫೋನ್ ಬಂತು. ನನ್ನವಳು ಸ್ಪೀಕರ್ ಒತ್ತಿದಳು.

“ಅಕ್ಕಾರ, ಪಾಲಕ್ ರೊಟ್ಟಿ ಭಾಳ ಚಂದ ಬಂದಾವ್ರಿ. ಹೆಂಗ ಮಾಡಿದ್ರಿ?”

ನನ್ನವಳು ಎದುರಿನ ಗೋಡೆ ನೋಡಿದಳು. “ಅದಕ್ಕ ಕೈಗುಣ ಬೇಕವಾ,” ಅಂದಳು.

ಮರುದಿನ ತಟ್ಟೆಗೆ ಎಣ್ಣೆಗಾಯಿ ಬಂತು. ಮೊದಲ ತುತ್ತಿಗೇ ಯಜಮಾನರು ಕಿಟಕಿಯಿಂದ ಕೂಗಿದರು: “ಬಣ್ಣ ಇಡಿಸ್ತಾ ಅಕ್ಕಾ? ಬ್ಯಾಡಾಂದ್ರೆ ಏಳಿ, ಮತ್ತೆ ಬಿಳೀದೇ ಬಳಿಸ್ಬಿಡ್ತೀನಿ!”

“ಬಿಳೀದು ಬ್ಯಾಡ್ರಿ ಅಣ್ಣಾರ,” ನನ್ನವಳು ಇಲ್ಲಿಂದಲೇ ಕೂಗಿದಳು. “ಕೆಂಪು ಬಳಿಸ್ರಿ. ಮುಂದಿನ ವಾರ ಮೆಣಸಿನಕಾಯಿ ಚಟ್ನಿ ಐತಿ.”