ಗುಳ್ಳೆ ನಿಲ್ಲುವವರೆಗೆ ಸೋಡಾ

ಈ ಸಲ ನೀಲಿ ರಿಬ್ಬನ್ ನಮ್ಮ ಮನೆಗೇ ಬರಬೇಕು ಎಂದು ನಾನು ಶಪಥ ಮಾಡಿದೆ! ಬಿಸ್ಕೆಟ್ ಮಾಡುವವಳು ನನ್ನ ಹೆಂಡತಿ ವರ್ನಾ. ಶಪಥ ಮಾತ್ರ ನನ್ನದು. ನಮ್ಮ ಕೆಂಟಕಿಯಲ್ಲಿ ಬಿಸ್ಕೆಟ್ ಎಂದರೆ ಮಜ್ಜಿಗೆಯಲ್ಲಿ ಕಲಸಿ ಬೇಯಿಸಿದ, ಬನ್ನಿನ ಹಾಗೆ ಉಬ್ಬಿದ ಮೆತ್ತನೆಯ ತಿಂಡಿ. ಕೌಂಟಿ ಮೇಳದಲ್ಲಿ ಅದರ ಮೊದಲ ಬಹುಮಾನವಾದ ನೀಲಿ ರಿಬ್ಬನ್ ಪ್ರತಿ ವರ್ಷ ಪಕ್ಕದ ಮನೆಯ ಒಡೆಸ್ಸಾಳ ಪಾಲು. ಆಕೆ ಗೆದ್ದ ರಿಬ್ಬನ್‌ಗಳನ್ನೆಲ್ಲ ನಮ್ಮ ಅಡುಗೆಮನೆಗೆ ಕಾಣುವ ಕಿಟಕಿಯಲ್ಲೇ ತೂಗುಹಾಕಿದ್ದಳು. ಪಾತ್ರೆ ತೊಳೆಯುವಾಗಲೆಲ್ಲ ವರ್ನಾಳ ಮುಖ ಸಣ್ಣದಾಗುತ್ತಿತ್ತು.

ನಾನು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಮೇಲ್ವಿಚಾರಕ. ಸೋಡಿಯಂ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾ, ಎಂದರೆ ನನಗೆ ಪ್ರಾಣ. ಎಂಥ ಪುಡಿ ಅದು! ಆಮ್ಲ ಚೆಲ್ಲಿದರೆ ಅದರ ಸೊಕ್ಕು ಮುರಿಯುತ್ತದೆ, ಒಲೆಯ ಮೇಲೆ ಎಣ್ಣೆ ಹೊತ್ತಿಕೊಂಡರೆ ಬೆಂಕಿ ಆರಿಸುತ್ತದೆ, ಫ್ರಿಜ್ಜಿನ ನಾತವನ್ನೆಲ್ಲ ನುಂಗಿ ತೆಪ್ಪಗಿರುತ್ತದೆ. ಇಷ್ಟು ಗುಣವಂತರನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ, ಕನ್ನಡಿಯಲ್ಲಿ ಕಾಣುವವರನ್ನು ಬಿಟ್ಟರೆ!

ಮೇಳದ ದಿನ ಅಂಗಡಿಯ ಸೋಡಾ ಬದಿಗಿಡು ಎಂದು ವರ್ನಾಗೆ ಅಪ್ಪಣೆ ಮಾಡಿ, ತಿನ್ನಲೂ ಸಲ್ಲುವ ಲ್ಯಾಬ್ ದರ್ಜೆಯ ಹೊಸ ಸೀಸೆಯನ್ನು ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ. ಬಿಳುಪು ನೋಡು, ನುಣುಪು ನೋಡು ಎಂದು ಪ್ರವಚನವೂ ಆಯಿತು. ಮಜ್ಜಿಗೆಗೆ ಸೋಡಾ ಬೆರೆಸಿ ಹಿಟ್ಟಿಗೆ ಸುರಿಯಿರಿ ಎಂದು ಹೇಳಿ ಅವಳು ಬಟ್ಟೆ ಬದಲಾಯಿಸಲು ಹೋದಳು. ಎಷ್ಟು ಎಂದು ನಾನು ಕೇಳಲಿಲ್ಲ. ಮೇಲ್ವಿಚಾರಕರು ಕೇಳುತ್ತಾರೆಯೇ?

ಮಜ್ಜಿಗೆ ಹುಳಿ, ಹುಳಿ ಎಂದರೆ ಆಮ್ಲ. ಆಮ್ಲ ಕಂಡರೆ ನಮ್ಮ ಲ್ಯಾಬಿನಲ್ಲಿ ಒಂದೇ ನಿಯಮ: ಗುಳ್ಳೆ ನಿಲ್ಲುವವರೆಗೆ ಸೋಡಾ ಹಾಕುತ್ತಿರಬೇಕು. ಹಾಕಿದೆ. ಮಜ್ಜಿಗೆ ಬುಸುಗುಟ್ಟುತ್ತಾ ಮೇಲೆದ್ದಿತು. ಮತ್ತೆ ಹಾಕಿದೆ, ಕಲಕಿದೆ, ಕಾದೆ. ಕಡೆಗೆ ಒಂದೇ ಒಂದು ಗುಳ್ಳೆಯೂ ಏಳಲಿಲ್ಲ. ಆಹಾ, ಎಂಥ ಶಾಂತಿ! ಹಿಟ್ಟಿಗೆ ಸುರಿದುಬಿಟ್ಟೆ. ವರ್ನಾ ಓಡಿಬಂದು ಅವಸರದಲ್ಲಿ ಲಟ್ಟಿಸಿ, ಕತ್ತರಿಸಿ ಓವನ್ನಿಗಿಟ್ಟಳು.

ಹೊರಬಂದದ್ದು ಚಪ್ಪಟೆಯಾದ ಹಳದಿ ಬಿಲ್ಲೆಗಳು. ವರ್ನಾ ಅವನ್ನು ನೋಡಿದಳು, ನನ್ನನ್ನು ನೋಡಿದಳು.

“ರೀ, ಸೋಡಾ ಎಷ್ಟು ಹಾಕಿದ್ರಿ?”

“ಗುಳ್ಳೆ ನಿಲ್ಲೋವರೆಗೆ.”

“ಬಿಸ್ಕೆಟ್ ಉಬ್ಬೋದೇ ಆ ಗುಳ್ಳೆಯಿಂದ ಕಣ್ರೀ. ಹಿಟ್ಟಿಗೆ ಹೋಗೋ ಮುಂಚೆನೇ ಎಲ್ಲಾನೂ ಕೊಂದುಹಾಕಿದ್ದೀರಲ್ಲ!”

ಇನ್ನೊಮ್ಮೆ ಮಾಡಲು ಹೊತ್ತಿರಲಿಲ್ಲ. ಹೆಸರು ಕೊಟ್ಟು ಹಿಂದೆ ಸರಿದರೆ ಒಡೆಸ್ಸಾ ಊರೆಲ್ಲ ಡಂಗುರ ಹೊಡೆಯುತ್ತಾಳೆ ಎಂದು ವರ್ನಾ ಕಣ್ಣೊರೆಸಿಕೊಂಡು ತಟ್ಟೆ ಎತ್ತಿಕೊಂಡಳು. ನಾನೂ ಹಿಂದೆಯೇ ಹೊರಟೆ.

ಮೇಳದ ಡೇರೆಯಲ್ಲಿ ತೀರ್ಪುಗಾರ್ತಿ ಪ್ರೂಯಿಟ್ ಅಮ್ಮ ಬೆಳಗಿನಿಂದ ಉಪ್ಪಿನಕಾಯಿ, ಪೈ, ಜಾಮ್ ಎಲ್ಲದರ ರುಚಿ ನೋಡಿ ಎದೆ ಒತ್ತಿಕೊಂಡು ಕೂತಿದ್ದರು. ನಮ್ಮ ಬಿಲ್ಲೆ ಕಚ್ಚಿ ಮುಖ ಕಿವಿಚಿದರು. ಸೋಪು ತಿಂದ ಹಾಗಿದೆ ಎಂದು ಗೊಣಗುತ್ತಲೇ ನೀರು ಕುಡಿದು ನುಂಗಿದರು. ಸ್ವಲ್ಪ ಹೊತ್ತಿಗೆ ಡೇರೆ ನಡುಗುವಂಥ ತೇಗು ಬಂತು! ಎದೆಯುರಿ ಇಳಿಯಿತಂತೆ. ಇನ್ನೊಂದನ್ನು ತಾವಾಗಿಯೇ ಎತ್ತಿಕೊಂಡರು. ಅದನ್ನು ನೋಡಿ ಉಪ್ಪಿನಕಾಯಿಯ ತೀರ್ಪುಗಾರರೂ ಬಂದು ಒಂದೊಂದು ಕೇಳಿ ಪಡೆದರು.

ಎಂಥ ಪುಡಿ ನನ್ನದು! ಮೀಸೆ ತಿರುವುತ್ತಾ ಮುಂದೆ ಬಂದೆ. “ಸೋಡಾ ಬೆರೆಸಿದ್ದು ನಾನೇ! ಹಾಗಾದ್ರೆ ನೀಲಿ ರಿಬ್ಬನ್ನು?”

ಪ್ರೂಯಿಟ್ ಅಮ್ಮ ರಿಬ್ಬನ್ನನ್ನು ಒಡೆಸ್ಸಾಳ ತಟ್ಟೆಗೆ ಕಟ್ಟಿ, ವರ್ನಾಳ ಭುಜ ತಟ್ಟಿದರು.

“ಮುಂದಿನ ವರ್ಷ ಬಿಸ್ಕೆಟ್ ನೀನೇ ಮಾಡ್ಕೊಂಡು ಬಾರಮ್ಮ. ಮದ್ದನ್ನ ಬೇರೆ ಡಬ್ಬೀಲಿ ನಿನ್ನ ಗಂಡನ ಕೈಲಿ ಕಳಿಸು.”